ಕಪಾಟಿನಲ್ಲಿಲ್ಲದ ಪುಸ್ತಕವನ್ನು ಕೇಳುವವರು

ಒಂದು ಪುಸ್ತಕಭಂಡಾರದ ಯೋಗ್ಯತೆಯನ್ನು ಅಳೆಯಬೇಕಾದಾಗ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಅಲ್ಲಿರುವ ಪುಸ್ತಕಗಳ ಸಂಖ್ಯೆ ಎಷ್ಟು, ವರ್ಷವೊಂದರಲ್ಲಿ ಓದುಗರು ಮನೆಗೆ ಕೊಂಡೊಯ್ದ ಪುಸ್ತಕಗಳ ಸಂಖ್ಯೆ ಎಷ್ಟು. ಎರಡೂ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವೆರಡಕ್ಕೂ ಉತ್ತರ ದೊರೆತ ಮೇಲೆಯೂ ಉಳಿಯುವ ಮೂರನೆಯ ಪ್ರಶ್ನೆಯೊಂದುಂಟು. ಬೇಕಾದ ಪುಸ್ತಕವನ್ನು ಕೇಳಿ, “ಇಲ್ಲ” ಎಂಬ ಉತ್ತರವನ್ನು ಪಡೆದು, ಮೆಟ್ಟಿಲಿಳಿದು ಹೋದವರು ಯಾರು? ಅವರು ಕೇಳಿದ ಪುಸ್ತಕ ಯಾವುದು? ಕೊಟ್ಟ ಪುಸ್ತಕಕ್ಕೆ ಲೆಕ್ಕವಿದೆ. ಕೊಡಲಾಗದೆ ಹೋದ ಪುಸ್ತಕಕ್ಕೆ ಲೆಕ್ಕವಿಡುವ ವಾಡಿಕೆ ನಮ್ಮಲ್ಲಿ ಬೆಳೆದುಬಂದಿಲ್ಲ. ಹೀಗಾಗಿ ನಮ್ಮ ಗ್ರಂಥಾಲಯಗಳು ತಮ್ಮ ಓದುಗರನ್ನು ಬಲ್ಲೆವೆಂದು ಹೇಳುವಾಗ, ತಮ್ಮ ಕಪಾಟಿನಲ್ಲಿದ್ದುದರಿಂದಲೇ ತೃಪ್ತರಾದವರನ್ನು ಮಾತ್ರ ಬಲ್ಲವು. ಉಳಿದವರ ಪರಿಚಯ ಅವಕ್ಕಿಲ್ಲ.

ಈ “ಇಲ್ಲ” ಎಂಬ ಮಾತಿಗೆ ಹಲವು ದೇಶಗಳ ಗ್ರಂಥಾಲಯಗಳು ಕಂಡುಕೊಂಡಿರುವ ಪರಿಹಾರವೇ ಗ್ರಂಥಾಲಯಗಳ ನಡುವಣ ಎರವಲು. ಅದರ ಕ್ರಮ ಬಹು ಸರಳವಾದದ್ದು. ಓದುಗನು ತನ್ನೂರಿನ ಗ್ರಂಥಾಲಯದಲ್ಲಿ ಒಂದು ಬೇಡಿಕೆಯ ಚೀಟಿಯನ್ನು ಬರೆದುಕೊಡುತ್ತಾನೆ. ಗ್ರಂಥಪಾಲರು ಆ ಪುಸ್ತಕ ಬೇರೆ ಎಲ್ಲಿದೆಯೆಂಬುದನ್ನು ಹಲವು ಗ್ರಂಥಾಲಯಗಳ ಸಂಯುಕ್ತ ಸೂಚಿಯಲ್ಲಿ ಹುಡುಕಿ, ಅದನ್ನುಳ್ಳ ಗ್ರಂಥಾಲಯವನ್ನು ಕೇಳುತ್ತಾರೆ. ಪುಸ್ತಕ ಅಂಚೆಯಲ್ಲಿಯೋ ವಾಹನದಲ್ಲಿಯೋ ಬರುತ್ತದೆ. ಓದಿಯಾದ ಮೇಲೆ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ದೂರದ ಗ್ರಂಥಾಲಯಕ್ಕೆ ಈ ಓದುಗನ ಪರಿಚಯವಿರಬೇಕಾಗಿಲ್ಲ. ಅವನ ಊರಿನ ಗ್ರಂಥಾಲಯವೇ ಅವನ ಪರವಾಗಿ ಜಾಮೀನು ನಿಲ್ಲುತ್ತದೆ. ಪುಸ್ತಕ ಕಳೆದರೂ ಕೆಟ್ಟರೂ ಉತ್ತರ ಹೇಳಬೇಕಾದದ್ದು ಅದೇ. ಪದವಿಯಿಲ್ಲದ, ಪರಿಚಯಪತ್ರವಿಲ್ಲದ ಒಬ್ಬ ಸಾಮಾನ್ಯ ಪ್ರಜೆಗಾಗಿ ಒಂದು ಸಾರ್ವಜನಿಕ ಸಂಸ್ಥೆ ಜಾಮೀನು ನಿಲ್ಲುವುದು ಸಣ್ಣ ಸಂಗತಿಯಲ್ಲ.

ಪುಸ್ತಕವನ್ನು ಎರವಲು ಕೊಡುವ ವಿಷಯದಲ್ಲಿ ನಮ್ಮ ಪೂರ್ವಿಕರಿಗೆ ಎರಡು ಮನಸ್ಸು ಇದ್ದಂತೆ ಕಾಣುತ್ತದೆ. ಪರರ ಕೈಸೇರಿದ ಪುಸ್ತಕ ಹೋದಂತೆಯೇ ಸರಿ ಎಂದು ಎಚ್ಚರಿಸುವ ಸುಭಾಷಿತವನ್ನು ಬಲ್ಲವರು ಬಹಳ ಮಂದಿ. ಓಲೆಗರಿಯ ಕಾಲದಲ್ಲಿ ಈ ಭಯ ಅಕಾರಣವಾದುದೇನೂ ಅಲ್ಲ. ಒಂದು ಕಟ್ಟು ಕಳೆದರೆ ಒಂದು ಕಾವ್ಯವೇ ಕಳೆದುಹೋಗುವ ಕಾಲ ಅದು. ಆದರೆ ಅದೇ ನಾಡಿನಲ್ಲಿ, ಆಹಾರ ಅಭಯ ಭೈಷಜ್ಯಗಳ ಸಾಲಿನಲ್ಲಿ ಶಾಸ್ತ್ರವನ್ನೂ ದಾನವೆಂದೆಣಿಸಿದ ಜೈನ ಸಂಪ್ರದಾಯವೂ ಬೆಳೆಯಿತು. 10ನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಕೀರ್ತಿ ಇಂದಿಗೂ ಮಾಸಿಲ್ಲ. ಮೊದಲನೆಯ ಮನಸ್ಸು ಪುಸ್ತಕವನ್ನು ಕಾಯುತ್ತದೆ. ಎರಡನೆಯದು ಓದುಗನನ್ನು ಕಾಯುತ್ತದೆ. ಗ್ರಂಥಾಲಯಗಳ ನಡುವಣ ಎರವಲೆಂಬುದು ಈ ಎರಡು ಮನಸ್ಸುಗಳ ಒಡಂಬಡಿಕೆ. ಪುಸ್ತಕ ಮನೆ ಬಿಟ್ಟು ಹೊರಡುತ್ತದೆ, ನಿಜ; ಆದರೆ ಹೊಣೆಯರಿತವರ ಕೈಯಿಂದ ಹೊಣೆಯರಿತವರ ಕೈಗೆ ಹೋಗುತ್ತದೆ.

ಈ ಸೇವೆಯನ್ನು ಬಳಸುವವರು ಯಾರು ಎಂಬುದೇ ಇಂದಿನ ನಮ್ಮ ವಿಚಾರ. ಯಾರನ್ನು ಕೇಳಿದರೂ ಥಟ್ಟನೆ ಬರುವ ಉತ್ತರ, “ವಿದ್ವಾಂಸರು, ಸಂಶೋಧಕರು” ಎಂಬುದು. ಅಪರೂಪದ ಪುಸ್ತಕವನ್ನು ಅರಸುವವನು ವಿದ್ವಾಂಸನಲ್ಲದೆ ಮತ್ತಾರು ಎಂಬ ತರ್ಕ ಇದರ ಹಿಂದಿದೆ. ಅಮೆರಿಕದ ಗ್ರಂಥಾಲಯ ಸಂಘ 1917ರ ಹೊತ್ತಿಗೆ ರೂಪಿಸಿದ ಆರಂಭದ ನಿಯಮಾವಳಿಯಲ್ಲಿಯೂ ಸಂಶೋಧನೆಗೇ ಅಗ್ರಸ್ಥಾನವಿತ್ತು. ಆದರೆ ಈ ಸೇವೆಯ ಚರಿತ್ರೆಯನ್ನು ತುಸು ಹಿಂದೆ ಹೋಗಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. 1876ರಲ್ಲಿ, ಗ್ರಂಥಾಲಯಗಳು ಒಂದಕ್ಕೊಂದು ಪುಸ್ತಕಗಳನ್ನು ಎರವಲು ಕೊಡುವಂತಾಗಬೇಕೆಂದು ಗ್ರಂಥಪಾಲರ ವೃತ್ತಿಪತ್ರಿಕೆಗೆ ಬರೆದ ಸ್ಯಾಮ್ಯುಯಲ್ ಗ್ರೀನ್ ಎಂಬವರು ಯಾವ ವಿಶ್ವವಿದ್ಯಾನಿಲಯದವರೂ ಆಗಿರಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದವರಾಗಿದ್ದರು. ಇಂಗ್ಲೆಂಡಿನ ಕಥೆ ಇದಕ್ಕಿಂತಲೂ ಬೋಧಪ್ರದವಾದದ್ದು. ಕೂಲಿಕಾರರ ಶಿಕ್ಷಣಕ್ಕಾಗಿ 1903ರಲ್ಲಿ ಸಂಘವೊಂದನ್ನು ಕಟ್ಟಿದ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ 1916ರಲ್ಲಿ ವಿದ್ಯಾರ್ಥಿಗಳ ಕೇಂದ್ರ ಗ್ರಂಥಾಲಯವೊಂದನ್ನು ಸ್ಥಾಪಿಸಿದರು. ಆ “ವಿದ್ಯಾರ್ಥಿ”ಗಳು ಹಗಲೆಲ್ಲ ದುಡಿದು ಸಂಜೆಯ ತರಗತಿಗೆ ಬರುತ್ತಿದ್ದ ಗಂಡಸರು, ಹೆಂಗಸರು. ಪಾಠಕ್ಕೆ ಬೇಕಾದ ಪುಸ್ತಕವನ್ನು ಕೊಳ್ಳಲು ಅವರಿಗೆ ಹಣವಿರಲಿಲ್ಲ. ಅವರ ಊರುಗಳ ಗ್ರಂಥಾಲಯಗಳಲ್ಲಿ ಅವು ಇರುತ್ತಿರಲಿಲ್ಲ. ಇವರಿಗಾಗಿ ಹುಟ್ಟಿದ ಈ ಗ್ರಂಥಾಲಯವೇ ಮುಂದೆ ರಾಷ್ಟ್ರೀಯ ಕೇಂದ್ರ ಗ್ರಂಥಾಲಯವಾಗಿ, 1931ರಲ್ಲಿ ರಾಜಸನ್ನದನ್ನು ಪಡೆದು, ಇಡೀ ದೇಶದ ಎರವಲು ವ್ಯವಸ್ಥೆಗೆ ಮಧ್ಯಸ್ಥಾನವಾಯಿತು. 1973ರಲ್ಲಿ ಬ್ರಿಟಿಷ್ ಲೈಬ್ರರಿಯೊಳಗೆ ಸೇರಿತು. ಅಲ್ಲಿನ ಈ ಹಿರಿಯ ವ್ಯವಸ್ಥೆಯ ತಾಯಿಬೇರು ಇರುವುದು ದುಡಿಯುವ ಜನರ ಸಂಜೆಯ ಪಾಠದಲ್ಲಿ.

ವಿದ್ವಾಂಸನಿಗೆ ಈ ಸೇವೆ ಬೇಡವೆಂದು ಹೇಳುತ್ತಿಲ್ಲ. ಆದರೆ ಅವನಿಗೆ ಬೇರೆ ಬಾಗಿಲುಗಳಿವೆ. ನಮ್ಮ ದೇಶದಲ್ಲಿ ಕಾಲೇಜು, ವಿಶ್ವವಿದ್ಯಾನಿಲಯಗಳ ಅಧ್ಯಾಪಕರಿಗಾಗಿ 1988ರಲ್ಲಿ ದೆಹಲಿಯಲ್ಲಿ ಮೊದಲಾದ ಡೆಲ್‌ನೆಟ್ ಇದೆ. 1991ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಆರಂಭಿಸಿದ ಇನ್‌ಫ್ಲಿಬ್‌ನೆಟ್ ಇದೆ. ಇವುಗಳ ಉಪಯೋಗ ಎಷ್ಟಾಗುತ್ತಿದೆಯೆಂಬುದು ಬೇರೆಯ ಮಾತು. ಅಧ್ಯಾಪಕ ಬೇಕೆಂದರೆ ಸಹೋದ್ಯೋಗಿಗೆ ಫೋನು ಮಾಡಬಲ್ಲ. ತನ್ನ ಸಂಸ್ಥೆಯ ಗುರುತಿನ ಚೀಟಿಯನ್ನು ತೋರಿಸಿ ಬೇರೊಂದು ಸಂಸ್ಥೆಯ ಒಳಗೆ ಕುಳಿತು ಓದಬಲ್ಲ. ಯಾವ ಸಂಸ್ಥೆಗೂ ಸೇರದ ಓದುಗನಿಗೆ ಇರುವುದು ಒಂದೇ ಬಾಗಿಲು, ಅದು ಅವನ ಊರಿನ ಸಾರ್ವಜನಿಕ ಗ್ರಂಥಾಲಯದ ಬಾಗಿಲು. ಅಲ್ಲಿ “ಇಲ್ಲ” ಎಂದರೆ ಅವನ ಪಾಲಿಗೆ ಆ ಪುಸ್ತಕ ಲೋಕದಲ್ಲಿಯೇ ಇಲ್ಲ.

ಇಂಥ ಓದುಗರು ಯಾರೆಂಬುದನ್ನು ನಮ್ಮ ನಾಡಿನ ಮಟ್ಟಿಗೆ ಊಹಿಸಿಕೊಳ್ಳುವುದು ಕಷ್ಟವಲ್ಲ. ಮೊದಲನೆಯವನು ತನ್ನ ಊರಿನ ಚರಿತ್ರೆಯನ್ನು ಅರಸುವವನು. ಪ್ರತಿ ತಾಲ್ಲೂಕಿನಲ್ಲಿಯೂ ಇಂಥ ಒಬ್ಬಿಬ್ಬರಿರುತ್ತಾರೆ. ಹೆಚ್ಚಾಗಿ ಶಾಲೆಯ ಉಪಾಧ್ಯಾಯರು, ನಿವೃತ್ತರಾದ ಶಾನುಭೋಗರು ಅಥವಾ ಅಂಚೆಯ ನೌಕರರು. ಊರ ಗುಡಿಯ ಮುಂದೆ ಒಂದು ಶಾಸನದ ಕಲ್ಲು ನಿಂತಿದೆ. ಅದರ ಪಾಠವನ್ನು ಬಿ. ಎಲ್. ರೈಸ್ ಅವರು ಒಂದು ಶತಮಾನಕ್ಕೂ ಹಿಂದೆ ಓದಿಸಿ ಅಚ್ಚು ಹಾಕಿಸಿರುವುದುಂಟು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಜಿಲ್ಲೆ ಜಿಲ್ಲೆಯಾಗಿ, ತಾಲ್ಲೂಕು ತಾಲ್ಲೂಕಾಗಿ ವಿಂಗಡಣೆಗೊಂಡಿವೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಅವನ್ನು ಪರಿಷ್ಕರಿಸಿ ಪ್ರಕಟಿಸುತ್ತ ಬಂದಿತು. ಕಲ್ಲು ಊರಲ್ಲಿದೆ, ಅದರ ಓದು ನಗರದಲ್ಲಿದೆ. ಕಲ್ಲಿನ ಮುಂದೆ ದಿನವೂ ಓಡಾಡುವವನಿಗೆ ಆ ಸಂಪುಟದ ನಾಲ್ಕು ಪುಟ ಸಿಕ್ಕಿದರೆ ಸಾಕು. ನಗರದ ವಿದ್ವಾಂಸನಿಗೆ ಆ ಶಾಸನ ಒಂದು ಅಡಿಟಿಪ್ಪಣಿಯಷ್ಟೇ ಆದೀತು. ಊರವನಿಗೆ ಅದು ತನ್ನ ಅಜ್ಜಂದಿರ ಸುದ್ದಿ. ಹೀಗೆ ಊರು ಊರಲ್ಲಿ ಹುಟ್ಟಬಹುದಾಗಿದ್ದ ಎಷ್ಟು ಸ್ಥಳೀಯ ಚರಿತ್ರೆಗಳು ನಾಲ್ಕು ಪುಟಗಳ ಕೊರತೆಯಿಂದ ಹುಟ್ಟದೆ ಹೋದವೋ ಹೇಳಬಲ್ಲವರಾರು?

ಎರಡನೆಯವನು ಹೊರಗಿನಿಂದ ಕಟ್ಟಿ ಪರೀಕ್ಷೆಗೆ ಕೂರುವವನು, ದೂರಶಿಕ್ಷಣದಲ್ಲಿ ಓದುವವನು. ತರಗತಿಯಿಲ್ಲ, ಕಾಲೇಜಿನ ಗ್ರಂಥಾಲಯವಿಲ್ಲ; ಪಠ್ಯಪಟ್ಟಿಯಲ್ಲಿ ಹೆಸರಿಸಿರುವ ಹತ್ತು ಪುಸ್ತಕಗಳಲ್ಲಿ ಎರಡು ಮಾತ್ರ ಅಂಗಡಿಯಲ್ಲಿ ಉಂಟು. ಮ್ಯಾನ್ಸ್‌ಬ್ರಿಜ್ ಅವರ ಸಂಜೆಯ ವಿದ್ಯಾರ್ಥಿಗೆ ಇವನು ನೇರವಾದ ತಮ್ಮ. ಮೂರನೆಯವರು ಊರಿನ ಹವ್ಯಾಸಿ ನಾಟಕದವರು. ಜಾತ್ರೆಗೆ ಆಡಬೇಕಾದ ಹಳೆಯ ನಾಟಕದ ಪುಸ್ತಕ ಒಂದು ಪ್ರತಿಯಾದರೂ ಸಿಕ್ಕಿದರೆ ಪಾತ್ರಗಳ ಮಾತನ್ನು ಬರೆದುಕೊಳ್ಳುವ ಕಾತರ ಅವರದು. ನಾಲ್ಕನೆಯವರು ಕಣ್ಣು ಕಾಣದ ಓದುಗರು. ಇವರಿಗೆ ಬೇಕಾದ ರೂಪದ ಪುಸ್ತಕಗಳು ಗಡಿದಾಟಿ ಬರಲು ಅನುವಾಗಲೆಂದೇ 2013ರ ಮರಾಕೆಶ್ ಒಪ್ಪಂದವಾಯಿತು. 2014ರಲ್ಲಿ ಅದನ್ನು ಮೊತ್ತಮೊದಲು ಅಂಗೀಕರಿಸಿದ ದೇಶ ಭಾರತವೆಂಬುದು ನಮಗೆ ಹೆಮ್ಮೆಯ ವಿಷಯ.

ಐದನೆಯ ವರ್ಗವೊಂದಿದೆ, ಅದರ ಬಗ್ಗೆ ತುಸು ನಿಂತು ಹೇಳಬೇಕು. ಇವರು ಕೇವಲ ಸಂತೋಷಕ್ಕಾಗಿ ಓದುವವರು. ಒಬ್ಬ ಕಾದಂಬರಿಕಾರನನ್ನು ಮೆಚ್ಚಿದರೆ ಅವನ ಕೃತಿಗಳನ್ನೆಲ್ಲ ಒಂದೂ ಬಿಡದೆ ಓದಿ ಮುಗಿಸಬೇಕೆಂಬ ಹಟ ಇವರದು. ಅ.ನ.ಕೃ. ಅವರು ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದರು. ಅವೆಲ್ಲವೂ ಇಂದು ಅಂಗಡಿಯಲ್ಲಿ ದೊರೆಯುತ್ತವೆಂದು ಹೇಳುವಂತಿಲ್ಲ. ಇಂಥ ಓದುಗರನ್ನು ವರದಿಗಳು “ಸಾಮಾನ್ಯ ಓದುಗರು” ಎಂದು ಕರೆದು ಮುಂದೆ ಸಾಗುತ್ತವೆ. ಮನೋರಂಜನೆಗಾಗಿ ಓದುವವನಿಗೆ ಇಷ್ಟು ಶ್ರಮವೇಕೆ, ಇರುವುದರಲ್ಲಿಯೇ ಒಂದನ್ನು ಓದಲಿ ಎಂಬ ಮಾತೂ ಕೇಳಿಬರುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು. ಒಂದು ಭಾಷೆಯ ಸಾಹಿತ್ಯ ಬದುಕಿರುವುದು ಅದನ್ನು ಪರೀಕ್ಷೆಗೆ ಓದುವವರಿಂದಲ್ಲ. ಯಾರೂ ಹೇಳದೆ, ಯಾವ ಲಾಭವೂ ಇಲ್ಲದೆ, ಮುಂದಿನ ಪುಸ್ತಕಕ್ಕಾಗಿ ಚಡಪಡಿಸುವವರಿಂದ. ಕನ್ನಡದ ಅಧ್ಯಾಪಕನೊಬ್ಬ ಇದನ್ನು ಹೇಳಬೇಕಾಗಿ ಬಂದದ್ದು ವಿನೋದವೇ ಸರಿ, ಆದರೂ ಸತ್ಯ.

ಈ ಓದುಗರನ್ನು ಅರಿಯುವಲ್ಲಿ ಇನ್ನೊಂದು ತೊಡಕಿದೆ. ಚೀಟಿಯಲ್ಲಿರುವ ಹೆಸರು ಒಬ್ಬರದು, ಓದುವವರು ಇನ್ನೊಬ್ಬರು. ಗ್ರಂಥಾಲಯದ ಸದಸ್ಯತ್ವ ಮಗನ ಹೆಸರಿನಲ್ಲಿದೆ. ಅವನು ಸಂಜೆ ಮನೆಗೆ ಹೋಗುವಾಗ ಕೊಂಡೊಯ್ಯುವ ಕಾದಂಬರಿಯನ್ನು ಓದುವವರು ಅವನ ತಾಯಿ, ಅವರಾದ ಮೇಲೆ ಸೊಸೆ, ಅವರಾದ ಮೇಲೆ ಪಕ್ಕದ ಮನೆಯವರು. ಲೆಕ್ಕದಲ್ಲಿ ಇದು ಒಬ್ಬ ಯುವಕ ಓದಿದ ಒಂದು ಪುಸ್ತಕ. ಕನ್ನಡ ಕಾದಂಬರಿಯನ್ನು ಎತ್ತಿ ನಿಲ್ಲಿಸಿದ ಮಹಿಳಾ ವಾಚಕವರ್ಗ ಬಹುಕಾಲ ಹೀಗೆಯೇ ಮತ್ತೊಬ್ಬರ ಹೆಸರಿನ ಹಿಂದೆ ಮರೆಯಾಗಿ ಓದಿತೆಂಬುದನ್ನು ಬಲ್ಲವರು ಬಲ್ಲರು. ಆದುದರಿಂದ ಯಾರು ಬಳಸುತ್ತಾರೆಂಬುದನ್ನು ಸದಸ್ಯರ ಪಟ್ಟಿಯಿಂದಷ್ಟೇ ತಿಳಿಯಹೊರಟರೆ ಅರ್ಧ ಸತ್ಯ ಮಾತ್ರ ದೊರೆತೀತು. ಚೀಟಿಯನ್ನು ಪಡೆಯುವ ಗ್ರಂಥಪಾಲರು “ಯಾರಿಗೆ ಬೇಕಾಗಿತ್ತು?” ಎಂದು ಸಹಜವಾಗಿ ಕೇಳಿ ಪಡೆದ ಉತ್ತರ ಎಷ್ಟೋ ಅಂಕಿಅಂಶಗಳಿಗಿಂತ ಬೆಲೆಯುಳ್ಳದ್ದು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಕಾಗಿಲ್ಲ.

ಬಳಸದವರ ಮಾತೂ ಇಲ್ಲಿ ಬರಬೇಕು. ಇಂಥದೊಂದು ಅನುಕೂಲ ಇರಬಹುದೆಂಬುದನ್ನೇ ಅರಿಯದವನು ಅದನ್ನು ಕೇಳುವುದು ಹೇಗೆ? “ಇಲ್ಲ” ಎಂಬ ಉತ್ತರಕ್ಕೆ ನಮ್ಮ ಓದುಗ ಎಷ್ಟು ಒಗ್ಗಿಹೋಗಿದ್ದಾನೆಂದರೆ, ಎರಡನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಡುತ್ತಾನೆ. ಕೇಳುವವರಿಲ್ಲವಾದ್ದರಿಂದ ಸೇವೆ ಬೇಕಿಲ್ಲವೆಂದು ಅಧಿಕಾರಿಗಳು ಭಾವಿಸುತ್ತಾರೆ. ಸೇವೆಯಿಲ್ಲವಾದ್ದರಿಂದ ಕೇಳುವವರು ಹುಟ್ಟುವುದಿಲ್ಲ. ಬೀಜ ವೃಕ್ಷ ನ್ಯಾಯವೆಂದು ನಮ್ಮ ತಾರ್ಕಿಕರು ಹೇಳುವುದು ಇದನ್ನೇ. ಇದರಿಂದ ಹೊರಬರುವ ದಾರಿ, ಮೊದಲು ಬೀಜವನ್ನು ನೆಡುವುದು.

ಯಾರು ಬಳಸುತ್ತಾರೆಂಬುದನ್ನು ತಿಳಿಯದೆ ಹೋದರೆ ನಷ್ಟವೇನು ಎಂದು ಕೇಳಬಹುದು. ಸೇವೆ ಸುಸೂತ್ರವಾಗಿ ನಡೆಯುವ ತನಕ ನಷ್ಟ ಕಾಣುವುದಿಲ್ಲ. ಹಣ ಕಡಿಮೆಯಾದಾಗ ಕಾಣುತ್ತದೆ. ಒಂದೊಂದು ಪುಸ್ತಕಕ್ಕೂ ಅಂಚೆಯ ವೆಚ್ಚ, ಹುಡುಕುವ ಸಿಬ್ಬಂದಿಯ ವೇಳೆ. ಗ್ರಂಥಾಲಯ ಕೊಡುವ ಒಟ್ಟು ಪುಸ್ತಕಗಳೆದುರು ಹೀಗೆ ತರಿಸಿಕೊಟ್ಟವುಗಳ ಸಂಖ್ಯೆ ಅಲ್ಪ. ಲೆಕ್ಕಪತ್ರದ ಕಣ್ಣಿಗೆ ಇದು ದುಬಾರಿಯ ಸೇವೆ. ಕತ್ತರಿ ಮೊದಲು ಬೀಳುವುದು ಇಲ್ಲಿಯೇ. ಅಮೆರಿಕದಲ್ಲಿ ಹಲವು ರಾಜ್ಯಗಳ ಎರವಲು ವ್ಯವಸ್ಥೆಗೆ ಅಲ್ಲಿನ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಸೇವೆಗಳ ಕೇಂದ್ರ ಸಂಸ್ಥೆಯ ಅನುದಾನವೇ ಆಸರೆ. ಆ ಸಂಸ್ಥೆಯನ್ನು ಕುಗ್ಗಿಸಬೇಕೆಂದು 2025ರ ಮಾರ್ಚಿಯಲ್ಲಿ ಅಧ್ಯಕ್ಷರ ಆಜ್ಞೆ ಹೊರಟಿತು. ಕೆಲವೇ ವಾರಗಳಲ್ಲಿ, ಊರುಗಳು ವಿರಳವಾಗಿ ಚದುರಿರುವ ದಕ್ಷಿಣ ಡಕೋಟದಂತಹ ರಾಜ್ಯದಲ್ಲಿ ಈ ಸೇವೆಯನ್ನು ಸ್ಥಗಿತಗೊಳಿಸಬೇಕಾಯಿತು. ಪೆಟ್ಟು ತಗಲಿದ್ದು ಯಾರಿಗೆ? ನೂರು ಮೈಲಿ ಸುತ್ತಿದರೂ ಮತ್ತೊಂದು ದೊಡ್ಡ ಗ್ರಂಥಾಲಯ ಕಾಣದ ಹಳ್ಳಿಯ ಓದುಗನಿಗೆ. ದೊಡ್ಡ ವಿಶ್ವವಿದ್ಯಾನಿಲಯದ ಸಂಶೋಧಕನಿಗೆ ತನ್ನ ಸಂಸ್ಥೆಯ ಬಲವಿದ್ದೇ ಇತ್ತು. ಸಂಖ್ಯೆಯಲ್ಲಿ ಅಲ್ಪವಾದದ್ದು ಅವಶ್ಯಕತೆಯಲ್ಲಿ ಅಲ್ಪವೆಂದು ತಿಳಿದರೆ ಆಗುವ ಅನ್ಯಾಯ ಇದು. ಎಷ್ಟು ಮಂದಿ ಎಂಬ ಪ್ರಶ್ನೆಯ ಜೊತೆಗೆ ಯಾರು ಎಂಬ ಪ್ರಶ್ನೆಯನ್ನೂ ಕೇಳಿ ಉತ್ತರವನ್ನು ಬರೆದಿಟ್ಟಿರುವ ಗ್ರಂಥಾಲಯ ಕತ್ತರಿಯೆದುರು ಒಂದು ಮಾತನ್ನಾದರೂ ಆಡಬಲ್ಲದು.

ಆದರೆ ಅರಿಯುವುದಕ್ಕೂ ಒಂದು ಮೇರೆಯಿರಬೇಕು. ಒಬ್ಬನು ಯಾವ ಪುಸ್ತಕವನ್ನು ಕೇಳಿದನೆಂಬುದು ಅವನ ಅಂತರಂಗದ ಸಂಗತಿ. ರೋಗದ ಬಗ್ಗೆ, ಮತಾಂತರದ ಬಗ್ಗೆ, ವಿವಾಹವಿಚ್ಛೇದನದ ಬಗ್ಗೆ, ಸರ್ಕಾರಕ್ಕೆ ಒಪ್ಪಿಗೆಯಾಗದ ವಿಚಾರದ ಬಗ್ಗೆ ಓದಬೇಕೆಂದವನು ಚೀಟಿ ಬರೆಯುವಾಗ ಅಳುಕಬಾರದು. ಎರವಲಿನ ಚೀಟಿ ಸಾಮಾನ್ಯ ಚೀಟಿಗಿಂತಲೂ ಹೆಚ್ಚಿನದನ್ನು ಬಯಲಿಗೆಳೆಯುತ್ತದೆ. ಕಪಾಟಿನಿಂದ ಕೈಗೆ ಬಂದ ಪುಸ್ತಕ ಆಕಸ್ಮಿಕವಾಗಿರಬಹುದು, ಹುಡುಕಿ ತರಿಸಿಕೊಂಡ ಪುಸ್ತಕ ಆಕಸ್ಮಿಕವಲ್ಲ. ಅಮೆರಿಕದ ಗ್ರಂಥಪಾಲರು 1939ರಷ್ಟು ಹಿಂದೆಯೇ ಓದುಗರ ಗೋಪ್ಯವನ್ನು ಕಾಯುವುದನ್ನು ತಮ್ಮ ವೃತ್ತಿಧರ್ಮದಲ್ಲಿ ಸೇರಿಸಿಕೊಂಡರು. 2005ರಲ್ಲಿ ಕನೆಕ್ಟಿಕಟ್ ರಾಜ್ಯದ ನಾಲ್ವರು ಗ್ರಂಥಪಾಲರು, ಗ್ರಂಥಾಲಯದ ಬಳಕೆದಾರರ ವಿವರವನ್ನು ಗುಟ್ಟಾಗಿ ಒಪ್ಪಿಸಬೇಕೆಂಬ ಪೊಲೀಸ್ ಬೇಡಿಕೆಯನ್ನು ನ್ಯಾಯಾಲಯದಲ್ಲಿ ಎದುರಿಸಿ, ಮರುವರ್ಷ ಮಾತನಾಡುವ ಹಕ್ಕನ್ನು ಪಡೆದುಕೊಂಡರು. ಆದ್ದರಿಂದ ನಾವು ಕೇಳುವ ಲೆಕ್ಕದಲ್ಲಿ ಹೆಸರು ಬೇಡ. ಉಪಾಧ್ಯಾಯರೋ ವಿದ್ಯಾರ್ಥಿಯೋ ಗೃಹಿಣಿಯೋ ರೈತರೋ, ಊರು ಎಷ್ಟು ದೂರ, ಕೇಳಿದ್ದು ಯಾವ ಬಗೆಯ ಪುಸ್ತಕ, ಎಂದು ಅಚ್ಚಾದದ್ದು, ದೊರೆಯಿತೋ ಇಲ್ಲವೋ, ದೊರೆಯಲು ಎಷ್ಟು ದಿನ ಹಿಡಿಯಿತು, ಇಷ್ಟು ಸಾಕು. ಪುಸ್ತಕ ಹಿಂದಿರುಗಿದ ಒಡನೆ ಹೆಸರಿಗೂ ಪುಸ್ತಕಕ್ಕೂ ಇದ್ದ ನಂಟು ಕತ್ತರಿಸಿಹೋಗಲಿ. ವರ್ಗವನ್ನು ಅರಿಯಬೇಕು, ವ್ಯಕ್ತಿಯನ್ನು ಬಿಡಬೇಕು.

ಇನ್ನು ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಒಂದಕ್ಕೊಂದು ಜೋಡಿಯಾಗಿವೆ. ಒಂದು ಓದುಗನ ಕಡೆಯಿಂದ ಪುಸ್ತಕವನ್ನು ಅರಸುತ್ತದೆ, ಇನ್ನೊಂದು ಪುಸ್ತಕದ ಕಡೆಯಿಂದ ಓದುಗನನ್ನು ಅರಸುತ್ತದೆ. ಒಂದೂರಿನ ಕಪಾಟಿನಲ್ಲಿ ಹತ್ತು ವರ್ಷ ಯಾರೂ ಮುಟ್ಟದೆ ಬಿದ್ದಿರುವ ಪುಸ್ತಕವನ್ನೇ ಇನ್ನೊಂದೂರಿನವನು ಹತ್ತು ವರ್ಷದಿಂದ ಹುಡುಕುತ್ತಿರಬಹುದು. ಇಬ್ಬರನ್ನೂ ಕೂಡಿಸುವ ಸೂತ್ರಧಾರನಿಲ್ಲ. 1965ರಲ್ಲಿ ನಮ್ಮ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆಯಿತು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಸೇರಿತು. ಅದು ಇಂದು ತೆರಿಗೆಯ ಶೇಕಡ 6. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯದ ಕೇಂದ್ರ ಗ್ರಂಥಾಲಯವಿದೆ. ಜಿಲ್ಲೆ, ನಗರ, ತಾಲ್ಲೂಕುಗಳಲ್ಲಿ ಗ್ರಂಥಾಲಯಗಳಿವೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. ಮೈಯಿದೆ, ಅವಯವಗಳಿವೆ, ಒಂದರಿಂದ ಇನ್ನೊಂದಕ್ಕೆ ರಕ್ತ ಹರಿಯುವ ನಾಳಗಳು ಮಾತ್ರ ಸಾಲದು. ಹಳ್ಳಿಯ ಓದುಗ ತನಗೆ ಬೇಕಾದ ಪುಸ್ತಕವನ್ನು ಜಿಲ್ಲೆಯಿಂದ ಚೀಟಿಯ ಮೂಲಕ ತರಿಸಿಕೊಂಡನೆಂಬುದು ನಮ್ಮಲ್ಲಿ ಅಪೂರ್ವವಾಗಿ ಕೇಳುವ ಸಂಗತಿ.

ಈಗ ಎಲ್ಲವೂ ಅಂತರ್ಜಾಲದಲ್ಲಿಯೇ ದೊರೆಯುವಾಗ ಪುಸ್ತಕವನ್ನು ಅಂಚೆಯಲ್ಲಿ ಅಲೆದಾಡಿಸುವುದೇಕೆ ಎಂಬ ಆಕ್ಷೇಪಣೆ ಬರುವುದು ಸಹಜ. ಹಳೆಯ ಕನ್ನಡ ಪುಸ್ತಕಗಳು ಬಹುಸಂಖ್ಯೆಯಲ್ಲಿ ಅಲ್ಲಿ ದೊರೆಯುತ್ತಿರುವುದು ನಿಜ, ಸ್ವಾಗತಾರ್ಹ. ಆದರೆ ನಮ್ಮ ಕಾಯಿದೆಯಂತೆ ಗ್ರಂಥಸ್ವಾಮ್ಯ ಲೇಖಕನ ಮರಣಾನಂತರ 60 ವರ್ಷ ಉಳಿಯುತ್ತದೆ. 1971ರಲ್ಲಿ ತೀರಿಕೊಂಡ ಅ.ನ.ಕೃ. ಅವರ ಕೃತಿಗಳು ಸ್ವಾಮ್ಯಮುಕ್ತವಾಗುವುದು 2032ರ ಆರಂಭಕ್ಕೆ. ಅವರ ನಂತರದವರ ಕೃತಿಗಳಿಗೆ ಇನ್ನೂ ದೀರ್ಘಕಾಲ ಕಾಯಬೇಕು. ಮರುಮುದ್ರಣವಾಗದ, ಸ್ವಾಮ್ಯ ಮುಗಿಯದ ಪುಸ್ತಕ ಅಂಗಡಿಯಲ್ಲಿಯೂ ಇಲ್ಲ, ಅಂತರ್ಜಾಲದಲ್ಲಿ ನ್ಯಾಯವಾಗಿ ಹಾಕುವಂತೆಯೂ ಇಲ್ಲ. ಸ್ವಾತಂತ್ರ್ಯಾನಂತರದ ಕನ್ನಡ ಸಾಹಿತ್ಯದ ಒಂದು ದೊಡ್ಡ ಭಾಗ ಈ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಅದಕ್ಕೆ ಉಳಿದಿರುವ ಆಸರೆ ಯಾವುದೋ ಗ್ರಂಥಾಲಯದ ಯಾವುದೋ ಕಪಾಟಿನಲ್ಲಿರುವ ಒಂದು ಹಳೆಯ ಪ್ರತಿ.

ಆ ಪ್ರತಿ ಎಲ್ಲಿರಬಹುದೆಂಬುದನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. 1954ರ ಕಾಯಿದೆಯಂತೆ ಪ್ರತಿ ಕನ್ನಡ ಪುಸ್ತಕದ ಪ್ರತಿಗಳು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಗ್ರಂಥಾಲಯಗಳಿಗೂ ಸಲ್ಲಬೇಕು. 1962ರಿಂದ ಅಮೆರಿಕ ಸರ್ಕಾರ ನಮಗೆ ಕೊಟ್ಟ ಧಾನ್ಯದ ಸಾಲದ ರೂಪಾಯಿಗಳಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ಗ್ರಂಥಾಲಯಗಳಿಗೆ ಹಂಚಿತು. ಕನ್ನಡದ ಕಾದಂಬರಿಗಳೂ ಆ ಹಡಗುಗಳನ್ನು ಹತ್ತಿದವು. ಅಲ್ಲಿ ನೆಲೆಸಿದ ಕನ್ನಡಿಗರೊಬ್ಬರು ತಮ್ಮ ಊರಿನ ಸಣ್ಣ ಸಾರ್ವಜನಿಕ ಗ್ರಂಥಾಲಯದಲ್ಲಿ ಚೀಟಿ ಬರೆದುಕೊಟ್ಟರೆ ಅಂಥದೊಂದು ಕಾದಂಬರಿ ದೂರದ ವಿಶ್ವವಿದ್ಯಾನಿಲಯದಿಂದ ಬರುವ ಸಂಭವವುಂಟು. ಅದೇ ಕಾದಂಬರಿಯನ್ನು ಅದು ಹುಟ್ಟಿದ ಜಿಲ್ಲೆಯ ಓದುಗ ಪಡೆಯುವ ಮಾರ್ಗ ಸ್ಪಷ್ಟವಿಲ್ಲ. ಕಾಸರಗೋಡಿನ ಕನ್ನಡಿಗನ ಪಾಡು ಇನ್ನೂ ವಿಚಿತ್ರ. ಅವನ ಊರಿನ ಗ್ರಂಥಾಲಯ ಕೇರಳದ 1989ರ ಕಾಯಿದೆಯಡಿ ನಡೆಯುತ್ತದೆ. ಕನ್ನಡ ಪುಸ್ತಕಗಳ ರಾಶಿ ಕೆಲವೇ ಮೈಲಿಯಾಚೆ ಮಂಗಳೂರಿನಲ್ಲಿ ಇನ್ನೊಂದು ಕಾಯಿದೆಯಡಿ ಇದೆ. 1956ರಲ್ಲಿ ಎಳೆದ ಗೆರೆಯನ್ನು ಅಳಿಸುವ ವಾದ ಇಲ್ಲಿ ನಮ್ಮದಲ್ಲ. ಪುಸ್ತಕವೊಂದು ಆ ಗೆರೆಯನ್ನು ದಾಟಿ ಹೋಗಿ ಬರಲು ಎರಡು ಗ್ರಂಥಾಲಯಗಳ ಒಪ್ಪಂದ ಸಾಕು.

ವೆಚ್ಚದ ಮಾತನ್ನೂ ಮುಚ್ಚಿಡಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಹಳೆಯ ಬುಕ್ ಪೋಸ್ಟ್ ರಿಯಾಯಿತಿಯನ್ನು ನಿಲ್ಲಿಸಿದಾಗ ಪುಸ್ತಕಪ್ರಿಯರು ದುಃಖಪಟ್ಟರು. 2025ರ ಮೇ 1ರಂದು ಜ್ಞಾನ್ ಪೋಸ್ಟ್ ಎಂಬ ಹೊಸ ಏರ್ಪಾಟು ಬಂದಿತು. ಆರಂಭದಲ್ಲಿ ಪ್ರಕಟವಾದ ದರ, ತೆರಿಗೆಯನ್ನು ಬಿಟ್ಟು, 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ. ಒಂದು ಸಾಧಾರಣ ಗಾತ್ರದ ಕಾದಂಬರಿ ಹೋಗಿ ಬರಲು ಹಿಡಿಯುವುದು ಒಂದು ಸಾಧಾರಣ ಊಟದ ಬೆಲೆ. ಗ್ರಂಥಾಲಯ ಕರದ ಒಂದು ಸಣ್ಣ ಅಂಶವನ್ನು ಇದಕ್ಕೆ ಮುಡಿಪಾಗಿಟ್ಟರೆ ಕರ ತೆತ್ತವನಿಗೆ ಅನ್ಯಾಯವಾದೀತೆ? ಅವನ ಹಣದಿಂದ ಕೊಂಡ ಪುಸ್ತಕ ಅವನ ಕೈಗೆ ಬಂದಂತಾಗುತ್ತದೆ, ಅಷ್ಟೆ.

ಆರಂಭಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಮೊದಲ ಕೆಲಸ, ಪ್ರತಿ ಗ್ರಂಥಾಲಯದ ಮೇಜಿನ ಮೇಲೆ “ಇಲ್ಲ”ಗಳ ಒಂದು ಪುಸ್ತಕವನ್ನು ತೆರೆಯುವುದು. ಓದುಗ ಕೇಳಿ ದೊರೆಯದ ಪ್ರತಿಯೊಂದು ಗ್ರಂಥವೂ ಅಲ್ಲಿ ಬರೆಯಲ್ಪಡಲಿ; ಕೇಳಿದವರು ಯಾವ ವರ್ಗದವರೆಂಬುದೂ ಹೆಸರಿಲ್ಲದೆ ಬರೆಯಲ್ಪಡಲಿ. ಇದಕ್ಕೆ ತಗಲುವ ವೆಚ್ಚ ಒಂದು ಬರಿಯ ನೋಟುಪುಸ್ತಕದ ಬೆಲೆ. ಎರಡನೆಯದು, ಯಾವುದಾದರೂ ಒಂದು ಜಿಲ್ಲೆಯ ಗ್ರಂಥಾಲಯಗಳೆಲ್ಲವುಗಳ ಸಂಯುಕ್ತ ಸೂಚಿಯನ್ನು ಸಿದ್ಧಪಡಿಸಿ, ಆ ಜಿಲ್ಲೆಯೊಳಗೆ ಒಂದು ವರ್ಷ ಎರವಲನ್ನು ನಡೆಸಿ ನೋಡುವುದು. ಮೂರನೆಯದು, ವರ್ಷದ ಕೊನೆಗೆ ಆ ಲೆಕ್ಕವನ್ನು ಜನರ ಮುಂದಿಡುವುದು. ಎಷ್ಟು ಪುಸ್ತಕ ಹೋದವೆಂಬುದನ್ನು ಮಾತ್ರ ಹೇಳಿ ಮುಗಿಸದೆ, ಯಾರಿಗಾಗಿ ಹೋದವೆಂಬುದನ್ನೂ ಹೇಳುವುದು. ಆಗ ಮುಂದಿನ ವರ್ಷ ಕೊಳ್ಳಬೇಕಾದ ಪುಸ್ತಕಗಳ ಪಟ್ಟಿಯೂ ತಾನಾಗಿಯೇ ಸಿದ್ಧವಾಗಿರುತ್ತದೆ. ಪ್ರಕಾಶಕರು ಮರುಮುದ್ರಿಸಬೇಕಾದ ಕೃತಿಗಳು ಯಾವುವೆಂಬುದೂ ತಿಳಿದಿರುತ್ತದೆ.

ಕಪಾಟಿನಲ್ಲಿಲ್ಲದ ಪುಸ್ತಕವನ್ನು ಕೇಳುವ ಓದುಗ ಗ್ರಂಥಪಾಲರಿಗೆ ತೊಂದರೆ ಕೊಡುವವನಲ್ಲ. ತನ್ನ ನಾಡಿನಲ್ಲಿ ಎಲ್ಲೋ ಒಂದೆಡೆ ಆ ಪುಸ್ತಕ ಇದ್ದೇ ಇರಬೇಕೆಂಬ, ಅದು ತನಗೂ ಸಲ್ಲಬೇಕಾದುದೆಂಬ ನಂಬಿಕೆ ಅವನದು. ಅವನು ಮೇಜಿನ ಮುಂದೆ ನಿಂತಾಗ ಗ್ರಂಥಾಲಯ ಕೊಡಬೇಕಾದ ಉತ್ತರ, “ಇಲ್ಲಿ ಇಲ್ಲ, ಎಲ್ಲಿದೆಯೋ ನೋಡಿ ತರಿಸಿಕೊಡುತ್ತೇವೆ” ಎಂಬುದು.